ಎಂಟು ಬಲ್ಬು

ಫ್ಲ್ಯಾಶು ಸತ್ತದ್ದು ಚೌತಿಯ ಮಾರನೆ ದಿನ.
ಹುಬ್ಬಳ್ಳಿಯ ರಿಪೇರಿಯವ ಫೋನಿನಲ್ಲೇ ನಾಡಿ ಹಿಡಿದು
ಆರು ಸಾವಿರ ಅಂದ. ಆಯ್ತು ಅಂದೆ.
ಆಯ್ತು ಅಂದರೆ ಬೇಡ ಅಂತ ಅವನಿಗೂ ಗೊತ್ತು.

ಅದೇ ವಾರ ಬೈತಖೋಲದ ಧಕ್ಕೆಯಲ್ಲಿ
ಘನಶ್ಯಾಮ ತಾಂಡೇಲ ಬೋಟಿನಿಂದ ಬಲ್ಬು ಬಿಚ್ಚುತ್ತಿದ್ದ.
ನಡುರಾತ್ರಿ ನಡುನೀರಿನಲ್ಲಿ ಹಗಲು ಮಾಡಿ
ಮೀನು ಕರೆಯಬಾರದು ಅಂತ ಕಾನೂನು;
ದಂಡ ಕಟ್ಟಿದ ಚೀಟಿ ಕಿಸೆಯಲ್ಲಿ ಒದ್ದೆ.
"ಬೇಕಾದರೆ ನೀನು ಒಯ್ಯಿ ಮಾರಾಯಾ,
ಮನುಷ್ಯರನ್ನು ಕರೆಯೋದಕ್ಕೆ ಇನ್ನೂ ದಂಡ ಹಾಕಿಲ್ಲ."

ಎಂಟು ಬಲ್ಬು, ಎಂಟು ಹೋಲ್ಡರು,
ಉಪ್ಪು ತಿಂದು ಹಸಿರುಗಟ್ಟಿದ ತಂತಿ.
ಮಾವನ ಅಟ್ಟದಿಂದ ಕೇರಂ ಬೋರ್ಡು ಇಳಿಸಿದೆ:
ನಾಲ್ಕು ಮೂಲೆಯ ತೂತು ಮೊದಲೇ ಇದ್ದವು,
ಉಳಿದ ನಾಲ್ಕು ಕೊರೆದದ್ದು ನಾನು, ಒಂದು ಸೊಟ್ಟ.
ಪೇಂಟಿನ ಬಕೇಟಿಗೆ ಸಿಮೆಂಟು ಹೊಯ್ದು ಪೈಪು ನೆಟ್ಟೆ.
ಎದುರಿಗೆ ಥರ್ಮಾಕೋಲಿನ ಮೀನುಪೆಟ್ಟಿಗೆಯ ಮುಚ್ಚಳ,
ಹೋದ ಬೆಳಕು ಮರಳಿ ಬರಲಿ ಅಂತ;
ಮೂರು ಸಲ ತೊಳೆದರೂ
ಬೆಳಕಿನ ಜೊತೆ ವಾಸನೆಯೂ ಮರಳುತ್ತದೆ.
ಮುಂದೆ, ಬೇಕರಿಯಿಂದ ಬೇಡಿ ತಂದ ಬಟರ್ ಪೇಪರು.

ಮೊದಲು ಕೂತದ್ದು ಒಂದು ಬಂಗುಡೆ.
ಫ್ಲ್ಯಾಶಿನಲ್ಲಿ ತಗಡಾಗುತ್ತಿದ್ದ ಮೀನು
ಇಲ್ಲಿ ಮೀನಾಯಿತು. ಬೆನ್ನಿನ ಗೀರು
ಒಂದೊಂದೂ ಎಣಿಸಬಹುದು.
ನೆರಳು ಬೇಕಾದ ಕಡೆಗೆ ಬಕೇಟು ತಳ್ಳಿದೆ, ಹಿಂದಕ್ಕೆಳೆದೆ,
ಒತ್ತುವ ಮೊದಲೇ ಕಾಣುತ್ತದೆ ಎಲ್ಲ,
ಒತ್ತಿದ ಮೇಲೆ ಪಶ್ಚಾತ್ತಾಪವಿಲ್ಲ.
ಸಂಜೆ ಆ ಮಾಡೆಲ್ಲು ಸಾರಿನಲ್ಲಿತ್ತು.

ಆಮೇಲೆ ಬಂದದ್ದು ಶೆವಂತಿ ಹರಿಕಂತ್ರ,
ಒಣಮೀನಿನ ಬುಟ್ಟಿ ಹೊಸ್ತಿಲ ಹೊರಗಿಟ್ಟು.
ಸೊಸೈಟಿಯ ಕಾರ್ಡಿಗೆ ಫೋಟೋ ಬೇಕು,
ಕಣ್ಣು ಬಿಟ್ಟದ್ದು.
ಸೆರಗಿನ ಗಂಟಿನಿಂದ ತೆಗೆದು ತೋರಿಸಿದಳು:
ರೇಷನ್ನಿನದು, ಬ್ಯಾಂಕಿನದು, ಓಟಿನದು,
ಮೂರರಲ್ಲೂ ನಿದ್ದೆ.
"ಬದುಕಿರೋರ ಫೋಟೋ ತಾ ಅಂತಾನೆ ಆ ಕ್ಲಾರ್ಕು.
ಮಿಂಚು ಹೊಡೆದರೆ ಕಣ್ಣು ಮುಚ್ಚದೋರು ಯಾರು, ನೀನೇ ಹೇಳು."

ಕೂರಿಸಿದೆ. ಕಾಗದದ ಹಿಂದೆ ಬೆಳಕು ಮೆತ್ತಗೆ,
ಮೆತ್ತಗಿನ ಬೆಳಕಿಗೆ ಶಟರು ನಿಧಾನ,
ನಿಧಾನಕ್ಕೆ ಅವಳ ಮಾತು ಅಡ್ಡ:
ಇಳಿದ ದರ, ಮೊಣಕಾಲು,
ನನ್ನ ತಾಯಿ ನಾಳೆ ಕೊಡ್ತೆ ಅಂತ ಒಯ್ದ ಸೀಗಡಿ.
ಅಲುಗಿ ಅಲುಗಿ ಒಬ್ಬಳು ಇಬ್ಬರಾದಳು.
ಕಾಗದ ಕಿತ್ತೆ.
ಬರಿಯ ಬಲ್ಬು, ಬರಿಯ ಮುಖ.
ಹಣೆಯಲ್ಲಿ ಬೆವರು ಮೂಡಿತು, ಮೂಗುತಿ ಹೊತ್ತಿಕೊಂಡಿತು.

ಎವೆ ಹೊಡೆಯಬೇಡಿ ಅನ್ನಲಿಲ್ಲ ನಾನು.
ತಾನಾಗಿ ಸುಮ್ಮನಾದಳು.
ನನ್ನ ಗೋಡೆಯಾಚೆ, ಬಸ್‌ಸ್ಟ್ಯಾಂಡಿನಾಚೆ,
ದೇವಗಡದ ದೀಪದಾಚೆ
ನೋಡಿ ನೋಡಿ ರೂಢಿಯಾದ ಕಣ್ಣು.
ಎಷ್ಟು ಹೊತ್ತೋ. ಒತ್ತಿದೆ.

ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ ತೋರಿಸಿದೆ.
ಚಂದ ಬಂತಾ ಅಂತ ಕೇಳಲಿಲ್ಲ. ಸುಕ್ಕು ನೋಡಲಿಲ್ಲ.
ಬಗ್ಗಿ, ಉಪ್ಪಿಗೆ ಬಿರಿದ ಬೆರಳು ಚಾಚಿ,
ತನ್ನದೇ ಕಣ್ಣಿನ ಕಪ್ಪಿನಲ್ಲಿ ತೇಲುವ ಚುಕ್ಕಿಗಳನ್ನು
ದಡದಲ್ಲಿ ನಿಂತವರು ಎಣಿಸುವ ಹಾಗೆ ಎಣಿಸಿದಳು.
ಏಳು.
ಮತ್ತೆ ಎಣಿಸಿದಳು. ಏಳು.
"ಹೊರಟದ್ದು ಎಂಟಲ್ಲವಾ?"

ಬೆಳಕು ಮಾಡಿದವ ಬೆಳಕಿನ ಕಡೆ ನೋಡೋದಿಲ್ಲ,
ಬಿದ್ದ ಕಡೆ ನೋಡುತ್ತಾನೆ.
ಕೈ ಅಡ್ಡ ಹಿಡಿದು ಈಗ ತಿರುಗಿದೆ.
ಕೆಳಗೆ, ನಾನು ಸೊಟ್ಟ ಕೊರೆದ ತೂತಿನಲ್ಲಿ
ಒಂದು ಕಪ್ಪಗಿತ್ತು.

ಕಾರ್ಡಿಗೆ ಇಷ್ಟು ಸಾಕು ಅಂದೆ.
ಅವಳು ಸ್ಟೂಲಿನಿಂದ ಏಳಲಿಲ್ಲ.
ಬೆರಳು ಸುಟ್ಟುಕೊಂಡು, ಬಲ್ಬನ್ನು ಅರ್ಧ ಸುತ್ತು ತಿರುಗಿಸಿದೆ.
ಹತ್ತಿತು.
ಈ ಸಲ ಬೋರ್ಡನ್ನೇ ನೋಡಿ, ತುಟಿಯಲ್ಲೇ ಎಣಿಸಿ,
ಹೊರಗೆ ಹೋಗಿ ಬುಟ್ಟಿ ತಲೆಗೇರಿಸಿದಳು.
ದುಡ್ಡು ಕೊಡಲಿಲ್ಲ.
ಸೀಗಡಿಯಲ್ಲಿ ವಜಾ.